ಗ್ರಾಫಿಕ್ಸ್ ಅಲ್ಲದ ಬೆಂಕಿ

ಆದೋನಿಯ ಸೀರೆ ಅಂಗಡಿಯೊಂದರಲ್ಲಿ ಮಹೇಶ್ವರಿ ನಾಲ್ಕು ವರ್ಷ ಕೆಲಸ ಮಾಡಿದಳು. ಗಿರಾಕಿಯ ಎದುರು ಸೀರೆಯನ್ನು ಒಂದೇ ಬೀಸಿಗೆ ಬಿಚ್ಚಿ, ಸೆರಗನ್ನು ತನ್ನ ಹೆಗಲ ಮೇಲೆ ಹೊದ್ದು ಕನ್ನಡಿಯ ಕಡೆ ತಿರುಗಿದಳೆಂದರೆ, ಬೇಡವೆಂದು ಎದ್ದು ಹೊರಟವರೂ ಮತ್ತೆ ಕೂರುತ್ತಿದ್ದರು. ಮನೆಯಲ್ಲಿ ಅವಳು ಮತ್ತು ತಾಯಿ ಪಂಪಮ್ಮ, ಇಬ್ಬರೇ. ಪಂಪಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ಸಂಜೆ ಮನೆಗೆ ಬಂದಾಗ ಅವಳ ಹುಬ್ಬು, ಕೂದಲು, ಕಣ್ಣರೆಪ್ಪೆಗಳ ಮೇಲೆಲ್ಲ ಹತ್ತಿಯ ನವಿರು ಅಂಟಿರುತ್ತಿತ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ಎರಡೂ. ಮಹೇಶ್ವರಿ ಬೆಳೆದದ್ದು ಹಾಗೆ.

ಅವಳು ಕುಣಿಯುತ್ತಿದ್ದಳು. ಯಾರ ಹತ್ತಿರವೂ ಕಲಿತದ್ದಲ್ಲ. ಎಮ್ಮಿಗನೂರಿನಲ್ಲಿ ಗೆಳತಿಯೊಬ್ಬಳ ಮದುವೆಯ ಹಿಂದಿನ ದಿನ ಕುಣಿದಿದ್ದನ್ನು ಮದುವೆಯ ವಿಡಿಯೋ ತೆಗೆಯಲು ಬಂದಿದ್ದ ರಂಗನಾಥ ನೋಡಿದ. ನಲವತ್ತು ದಾಟಿದ ಆಸಾಮಿ. ಹಗಲಲ್ಲೂ ತಲೆಯ ಮೇಲೆ ಕರೀ ಕನ್ನಡಕ. ಮದುವೆ ಫೋಟೋಗಳ ಜೊತೆಗೆ ತೆಲುಗು ಜಾನಪದ ಹಾಡುಗಳ ವಿಡಿಯೋ ಮಾಡಿ ತನ್ನದೇ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತಿದ್ದ. "ನಿನ್ನಂಥಾಕಿ ಸೀರಿ ಮಡಚಿಕೊಂಡು ಕುಂತ್ರ ಹೆಂಗವ್ವ?" ಎಂದ. ಮೊದಲ ಹಾಡು ಗೋನೆಗಂಡ್ಲದ ಕೆರೆದಂಡೆಯಲ್ಲಿ. ಎರಡನೆಯದು ಮದ್ದಿಕೇರದ ಶೇಂಗಾ ಹೊಲದಲ್ಲಿ. ಎರಡೂ ಓಡಿದವು. ಅಂಗಡಿಗೆ ಬಂದ ಹುಡುಗಿಯರು ಅವಳೊಂದಿಗೆ ಸೆಲ್ಫಿ ತೆಗೆಸಿಕೊಳ್ಳತೊಡಗಿದರು. ಪಂಪಮ್ಮ ಮಿಲ್ಲಿನಲ್ಲಿ ಜೊತೆಯವರಿಗೆ ಫೋನು ಹಿಡಿದು ಮಗಳನ್ನು ತೋರಿಸುತ್ತಿದ್ದಳು.

ಮೂರನೆಯ ಹಾಡಿಗೆ ರಂಗನಾಥ ಊರಾಚೆಯ ಪಾಳುಬಿದ್ದ ಎಣ್ಣೆಮಿಲ್ಲಿನ ಗೋದಾಮನ್ನು ಗೊತ್ತುಮಾಡಿದ. ಹಾಡಿನ ಕೊನೆಯಲ್ಲಿ ನಾಯಕಿ ಬಣ್ಣದ ಮೋಡದೊಳಗಿಂದ ಎದ್ದು ಬರಬೇಕು, ಸುತ್ತ ದೀವಟಿಗೆಗಳು ಉರಿಯುತ್ತಿರಬೇಕು ಎಂಬುದು ಅವನ ಕನಸು. ಕಿಟಕಿಗಳಿಗೆ ಟಾರ್ಪಾಲು ಕಟ್ಟಿಸಿ ಮಟಮಟ ಮಧ್ಯಾಹ್ನವನ್ನೇ ಕತ್ತಲಾಗಿಸಿದ. ಬೆಳಗಿನಿಂದ ಹೊರಗೆ ಬಯಲಿನಲ್ಲಿ ಹಿಡಿಹಿಡಿಯಾಗಿ ಗುಲಾಲು ಎರಚಿ ತೆಗೆದ ಶಾಟುಗಳು ಅವನಿಗೆ ಸಾಲಲಿಲ್ಲ. ಹತ್ತಿ ಹೊಲಕ್ಕೆ ಔಷಧ ಪುಡಿ ಊದುವ, ಬೆನ್ನಿಗೆ ಹಾಕಿಕೊಳ್ಳುವ ಪಂಪನ್ನು ತರಿಸಿ ಅದಕ್ಕೆ ಹತ್ತು ಕಿಲೋ ಗುಲಾಲನ್ನು ಸುರಿಸಿದ. ಅದು ಮೆಕ್ಕೆಜೋಳದ ಹಿಟ್ಟಿಗೆ ಬಣ್ಣ ಬೆರೆಸಿದ್ದು, ಮುಟ್ಟಿದರೆ ಬೆಣ್ಣೆಯಂತಿರುವ ಪುಡಿ.

ಗೋದಾಮಿನ ನಡುವೆ ನಿಂತ ಮಹೇಶ್ವರಿಗೆ ಅದು ಸರಿಬರಲಿಲ್ಲ.

"ಸಾರ್, ದೀವಟಿಗಿ ಆರಿಸಿ ಪುಡಿ ಬಿಡ್ರಿ. ಇಲ್ಲಾಂದ್ರ ಪುಡಿ ಬಿಟ್ಟು, ಎಲ್ಲಾ ಕೆಳಗ ಕುಂತಮ್ಯಾಲೆ ದೀವಟಿಗಿ ಹಚ್ರಿ. ನಮ್ಮವ್ವನ ಮಿಲ್ಲಿನ್ಯಾಗ ಧೂಳಿಗೇ ಬೆಂಕಿ ಹತ್ತತೈತಿ."

"ಅದು ಹತ್ತಿ ಕಣವ್ವ. ಇದು ತಿನ್ನೋ ಹಿಟ್ಟು. ಕೂಸುಗೋಳು ಬಾಯಾಗ ಹಾಕ್ಕೊಂಡ್ರೂ ಏನೂ ಆಗಲ್ಲ" ಎಂದು ರಂಗನಾಥ ನಕ್ಕ. ಆಮೇಲೆ ಕ್ಯಾಮೆರಾ ಹಿಡಿದು ಬಾಗಿಲ ಹೊರಗೆ ಹೋಗಿ ನಿಂತು, "ರೆಡೀ" ಎಂದು ಕೂಗಿದ.

ಪಂಪು ಗೊರಗುಟ್ಟಿತು. ಕೆಂಪು, ಹಳದಿ ಮೋಡ ಎದ್ದು ಛಾವಣಿ ಮುಟ್ಟಿತು. ಎರಡು ಸೆಕೆಂಡು ಮಹೇಶ್ವರಿಗೆ ಏನೂ ಕಾಣಲಿಲ್ಲ. ಆಮೇಲೆ ಮೋಡವೇ ಬೆಂಕಿಯಾಯಿತು. ಹತ್ತಿಕೊಂಡದ್ದಲ್ಲ, ಒಮ್ಮೆಗೇ ಆಯಿತು. ಧಡ್ ಎಂಬ ಸದ್ದಿಗೆ ಕಿಟಕಿಯ ಟಾರ್ಪಾಲುಗಳು ಹೊರಗೆ ಹಾರಿದವು. ಪಂಪು ಹೊತ್ತಿದ್ದ ಆಳು ಹಿಂದಿನ ಬಾಗಿಲ ಬಳಿಯಿದ್ದ. ಅಂಗೈ ಸುಟ್ಟುಕೊಂಡು ಹೊರಗೆ ಬಿದ್ದ. ನಡುವೆ ನಿಂತಿದ್ದ ಮಹೇಶ್ವರಿಗೆ ಓಡಲು ದಿಕ್ಕೇ ಇರಲಿಲ್ಲ. ಎಡಗಡೆಯ ಕೆನ್ನೆ, ಕಿವಿ, ಕುತ್ತಿಗೆ, ಭುಜದಿಂದ ಬೆರಳ ತುದಿಯವರೆಗೆ ಸುಟ್ಟಿತು. ಮೇಕಪ್ಪಿಗೆ ಬಂದಿದ್ದ ಸುಹಾಸಿನಿ ಹೊರಗಿನ ಡ್ರಮ್ಮಿನ ನೀರು ತಂದು ಸುರಿಯದಿದ್ದರೆ ಅಷ್ಟಕ್ಕೂ ನಿಲ್ಲುತ್ತಿರಲಿಲ್ಲ.

ಕರ್ನೂಲಿನ ಆಸ್ಪತ್ರೆಯಲ್ಲಿ ಎರಡು ತಿಂಗಳು. ತೊಡೆಯ ಚರ್ಮ ತೆಗೆದು ತೋಳಿಗೆ ಹಚ್ಚಿದರು. ನೋವಿನ ಮದ್ದಿನ ಮಂಪರಿನಲ್ಲಿ ಅವಳಿದ್ದಾಗ ಹೆಡ್ ಕಾನ್‌ಸ್ಟೇಬಲ್ ಗಾದಿಲಿಂಗ ಬಂದು ಹೇಳಿಕೆ ಬರೆದುಕೊಂಡು ಹೋಗಿದ್ದ. ಹೆಬ್ಬೆಟ್ಟು ಒತ್ತಿದ್ದು ಪಂಪಮ್ಮ. ಏನು ಬರೆದಿದೆ ಎಂದು ಅವಳಿಗೆ ಓದಿ ಹೇಳಿದವರಿಲ್ಲ. ಮನೆಗೆ ಬಂದ ಮೇಲೆ ಸ್ಟೇಷನ್ನಿಗೆ ಹೋಗಿ ಕಾಗದ ಕೇಳಿ ತಂದ ಮಹೇಶ್ವರಿ ಅದನ್ನು ನಿಂತಲ್ಲೇ ಓದಿದಳು. ರಂಗನಾಥನ ಹೇಳಿಕೆಯೂ ಅದರಲ್ಲಿತ್ತು. ಬಣ್ಣದ ಪುಡಿ ತಿನ್ನುವ ಹಿಟ್ಟು, ಅದಕ್ಕೆ ಬೆಂಕಿ ಹತ್ತುವುದಿಲ್ಲ. ಹುಡುಗಿ ಸಿಂಥೆಟಿಕ್ ಸೀರೆ ಉಟ್ಟು ಮೈತುಂಬ ಸೆಂಟು ಹೊಡೆದುಕೊಂಡಿದ್ದಳು, ತಾನಾಗಿ ದೀವಟಿಗೆಯ ಹತ್ತಿರ ಹೋದಳು. ತಾಯಿಯ ಹೆಬ್ಬೆಟ್ಟಿನ ಮೇಲೆಯೂ ಅದೇ ಮಾತು, ಕೊನೆಗೆ ಯಾರ ಮೇಲೂ ಅನುಮಾನವಿಲ್ಲ ಎಂದಿತ್ತು. ಕೇಸು ಮುಗಿದಿತ್ತು.

"ನಿನ್ನ ಜೀವ ಉಳದ್ರ ಸಾಕಂತ ಒತ್ತಿದೆ ಮಗಳ. ನನಗೇನು ಗೊತ್ತು" ಎಂದು ಪಂಪಮ್ಮ ಅತ್ತಳು.

ಮಹೇಶ್ವರಿ ಅಳಲಿಲ್ಲ. ಅವಳ ಅಳು ನಿಂತದ್ದು ಅದರ ಹಿಂದಿನ ವಾರ, ಹಾಡು ನೋಡಿದ ದಿನ. ಹೌದು, ರಂಗನಾಥ ಹಾಡನ್ನು ಬಿಡುಗಡೆ ಮಾಡಿದ್ದ. ಕೊನೆಯ ದೃಶ್ಯವನ್ನು ಕತ್ತರಿಸಿರಲಿಲ್ಲ. ಕೆಂಪು ಮೋಡದೊಳಗೆ ಅವಳ ನಗುಮುಖ, ಹಿಂದಿನಿಂದ ಕಿತ್ತಳೆ ಬಣ್ಣ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ, ಅವಳ ತಲೆ ತುಸು ಎಡಕ್ಕೆ ವಾಲುತ್ತದೆ. ಅಲ್ಲಿಗೆ ತೆರೆ ಬಿಳಿಯಾಗಿ ಹಾಡು ಮುಗಿಯುತ್ತದೆ. ಎಪ್ಪತ್ತು ಲಕ್ಷ ಮಂದಿ ನೋಡಿದ್ದರು. ಕೆಳಗೆ ಸಾವಿರಾರು ಕಾಮೆಂಟು: "ಗ್ರಾಫಿಕ್ಸ್ ಅದಿರಿಂದಿ ಅಣ್ಣಾ," ಗ್ರಾಫಿಕ್ಸ್ ಭರ್ಜರಿಯಾಗಿದೆ ಎಂದು. "ಸಿನಿಮಾ ಲೆವೆಲ್." ರಂಗನಾಥ ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಹಾಕಿದ್ದ.

ಆ ನಗುಮುಖದ ಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಅವಳು ನೋಡಿದಳು. ಇನ್ನರ್ಧ ಸೆಕೆಂಡಿನಲ್ಲಿ ಏನಾಗುತ್ತದೆಂದು ಆ ಹುಡುಗಿಗೆ ಗೊತ್ತಿಲ್ಲ. ಬಾಗಿಲ ಹೊರಗೆ ನಿಂತವನಿಗೆ ಗೊತ್ತಿತ್ತೇ? ಈ ಪ್ರಶ್ನೆ ಮುಳ್ಳಿನ ಹಾಗೆ ಒಳಗೆ ಕೂತಿತು.

ಸೀರೆ ಅಂಗಡಿಯವರು ಮತ್ತೆ ಕರೆಯಲಿಲ್ಲ. ಕನ್ನಡಿಯ ಮುಂದೆ ಅವಳನ್ನು ನಿಲ್ಲಿಸುವ ಮನಸ್ಸು ಯಾರಿಗಿದ್ದೀತು. ಪಂಪಮ್ಮನ ಮಿಲ್ಲಿನ ಮೇಸ್ತ್ರಿ ಹೊನ್ನೂರಪ್ಪ, ಆ ಮಿಲ್ಲಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಗೇಟಿನಲ್ಲಿ ಕೆಲಸ ಕೊಡಿಸಿದ. ಒಳಗೆ ಹೋಗುವ ಹೆಣ್ಣಾಳುಗಳ ಸೊಂಟದ ಚೀಲ ತಡವಿ ಬೀಡಿ, ಬೆಂಕಿಪೊಟ್ಟಣ ಇದ್ದರೆ ತೆಗೆದಿಡುವ ಕೆಲಸ. ಒಂದು ದಿನ ಅವಳು ಅವನನ್ನು ಕೇಳಿದಳು.

"ಮಾವ, ಹಿಟ್ಟಿಗೆ ಬೆಂಕಿ ಹತ್ತತೈತೇನು?"

"ಗುಡ್ಡಿ ಹಾಕಿದ ಹಿಟ್ಟಿಗೆ ಕಡ್ಡಿ ಗೀರಿ ಇಟ್ರ ಕಡ್ಡೀನ ಆರತೈತಿ. ಅದ ಹಿಟ್ಟು ಗಾಳ್ಯಾಗ ಹಾರ್ಯಾಡಾಕತ್ತಿದ್ರ ಒಂದೊಂದು ಕಣಕ್ಕೂ ಸುತ್ತ ಗಾಳಿ ಸಿಗತೈತಿ. ಅದಕ್ಕ ಕಿಡಿ ತಗುಲಿತು ಅಂದ್ರ ಕಣದಿಂದ ಕಣಕ್ಕ, ರೆಪ್ಪಿ ಬಡಿಯೋದ್ರೊಳಗ ಎಲ್ಲಾ ಬೆಂಕಿ. ನಾಕು ಗೋಡಿ ನಡುವ ಆದ್ರಂತೂ ಬಾಂಬ ಅದು. ಹತ್ತಿ ಧೂಳಾದ್ರೇನು, ಸಕ್ರಿ ಪುಡಿಯಾದ್ರೇನು, ಅರಿಶಿನಾದ್ರೇನು."

"ಇದು ಎಲ್ಲಾರಿಗೂ ಗೊತ್ತಿರೋ ಮಾತೇನು?"

"ಒಮ್ಮಿ ಸುಟ್ಟುಕೊಂಡಾವಗ ಗೊತ್ತಿರತೈತಿ" ಎಂದ ಹೊನ್ನೂರಪ್ಪ.

ಸೇಡು ತೀರಿಸಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮೊದಮೊದಲು ಸಣ್ಣ ಸಣ್ಣದಾಗಿ ಶುರುಮಾಡಿದಳು. ಹಾಡಿನ ಕೆಳಗೆ "ಇದು ಗ್ರಾಫಿಕ್ಸ್ ಅಲ್ಲ, ಸುಟ್ಟದ್ದು ನನ್ನ ಮೈ" ಎಂದು ತೆಲುಗಿನಲ್ಲಿ ಬರೆದಳು. ಹತ್ತು ನಿಮಿಷದಲ್ಲಿ ಅದು ಅಳಿಸಿಹೋಯಿತು. ಮತ್ತೊಂದು ಹೆಸರಿನಲ್ಲಿ ಬರೆದಳು. ಅದೂ ಹೋಯಿತು. ಮಿಲ್ಲಿನ ಹೆಣ್ಣಾಳುಗಳ ಫೋನುಗಳಿಂದ, ಓಣಿಯವರ ಫೋನುಗಳಿಂದ ಬರೆದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಅವನಿಗೆ ಫೋನು ಮಾಡುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. "ನಾನು ಸಾರ್, ಮಹೇಶ್ವರಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಹದಿನೈದು ದಿನಕ್ಕೆ ಅವನು ನಂಬರು ಬದಲಿಸಿದ. ಗಿರಾಕಿಗಳು ಬೇಕಲ್ಲ, ಹೊಸ ನಂಬರನ್ನು ಸ್ಟುಡಿಯೋದ ಬೋರ್ಡಿನ ಮೇಲೆ ತಾನೇ ಬರೆಸಿದ. ಮಾರನೆಯ ದಿನ ಹತ್ತಕ್ಕೆ ಫೋನು ಗುಣುಗುಟ್ಟಿತು. "ನಾನು ಸಾರ್, ಮಹೇಶ್ವರಿ."

ಅವನು ಹೆದರುತ್ತಾನೆಂದು ಅವಳಿಗೆ ಸಂತೋಷವಾಗುತ್ತಿತ್ತು. ಆ ಸಂತೋಷವನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ, ತನ್ನಿಂದಲೂ. ಗಾಯದ ಚರ್ಮ ಎಳೆದು ಎಳೆದು ನವೆಯುವ ಮಧ್ಯಾಹ್ನಗಳಲ್ಲಿ, ಅವನನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ ತಾನು ಬಾಗಿಲ ಹೊರಗೆ ನಿಲ್ಲುವುದನ್ನು ನೆನೆಸಿಕೊಳ್ಳುತ್ತಿದ್ದಳು. ಅದು ಮುಲಾಮಿಗಿಂತ ತಂಪಾಗಿರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸುಹಾಸಿನಿ ಮನೆಗೆ ಬಂದಳು. ಚಹಾ ಕುಡಿಯಲಿಲ್ಲ, ಕೂರಲಿಲ್ಲ. ಬಾಗಿಲ ಬಳಿಯೇ ನಿಂತು ಹೇಳಿದಳು.

"ನಿನಗೊಂದು ಮಾತು ಹೇಳಬೇಕಿತ್ತು ಮಹೇಶಿ, ಭಯಕ್ಕ ಹೇಳಿರ್ಲಿಲ್ಲ. ನಿನ್ನ ಹಾಡಿಗಿಂತ ಒಂದು ತಿಂಗಳು ಮುಂಚೆ ನಂದವರಂ ಊರಾಗ ಮದುವಿ ಜೋಡಿದು ಫೋಟೋ ತೆಗಿಯಾಕತ್ತಿದ್ವಿ. ಮ್ಯಾಣದ ಬತ್ತಿ ಇಟ್ಟು ಅದರ ಮ್ಯಾಲೆ ರಂಗನಾಥನೇ ಗುಲಾಲು ಊದಿದ. ಭಗ್ ಅಂತು. ಆತನ ಹುಬ್ಬು ಸುಟ್ಟು ಹೋದ್ವು. ನಾನ ಪೆನ್ಸಿಲಿಂದ ಹುಬ್ಬು ಬರೆದೆ ಆತಗ, ಒಂದು ತಿಂಗಳು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ."

ಮಹೇಶ್ವರಿ ಕೂತಲ್ಲಿಂದ ಏಳಲಿಲ್ಲ. "ಅದಕ್ಕ ಬಾಗಿಲ ಹೊರಗ ನಿಂತ" ಎಂದಳು.

"ಅದಕ್ಕ ನಿಂತ."

"ಪೊಲೀಸರ ಮುಂದ ಹೇಳ್ತೀಯೇನಕ್ಕ?"

ಸುಹಾಸಿನಿ ನೆಲ ನೋಡಿದಳು. ಆತನಿಂದಲೇ ತನ್ನ ಕೆಲಸ ನಡೆಯುವುದೆಂದೂ, ತಾನೊಬ್ಬಳೇ ಹೇಳಿದರೆ ಯಾರೂ ನಂಬುವುದಿಲ್ಲವೆಂದೂ ಹೇಳಿ ಹೊರಟುಹೋದಳು.

ಇದಾದ ಮೂರು ವಾರಕ್ಕೆ ರಂಗನಾಥನೇ ಫೋನು ಮಾಡಿದ. ಹಾಡು ಕೋಟಿ ಮುಟ್ಟಿತ್ತು. ಕಲ್ಯಾಣಮಂಟಪದಲ್ಲಿ ಸಮಾರಂಭ ಇಟ್ಟುಕೊಂಡಿದ್ದ. ನಾಯಕಿ ಎಲ್ಲಿ, ಆಕೆಗೆ ಏನೋ ಆಯಿತಂತೆ ನಿಜವೇ ಎಂದು ಜನ ಕೇಳತೊಡಗಿದ್ದರು. ಅವನ ದನಿಯಲ್ಲಿ ಬೆಣ್ಣೆ ಸವರಿತ್ತು.

"ಆಗಿದ್ದು ಆಗಿಹೋತು ತಾಯಿ. ನೀನು ಬರಬೇಕು. ತುಂಬು ತೋಳಿನ ರವಿಕಿ ಹಾಕ್ಕೊ, ಸೆರಗು ಹಿಂಗ ತಲಿಮ್ಯಾಲೆ ಎಳಕೊ, ಏನೂ ಕಾಣಂಗಿಲ್ಲ. ದೀಪ ಹಚ್ಚಿ ಎರಡು ಒಳ್ಳೇ ಮಾತು ಹೇಳು. ಮುಂದಿನ ಹಾಡಿನ್ಯಾಗ ಹೀರೋಯಿನ್ ಅಕ್ಕನ ಪಾತ್ರ ನಿಂದು."

"ಬರ್ತೀನಿ ಸಾರ್" ಎಂದಳು ಮಹೇಶ್ವರಿ. "ದೀಪ ನಾನ ಹಚ್ತೀನಿ."

ಪಂಪಮ್ಮ ಆವತ್ತು ಮಗಳೊಂದಿಗೆ ಮಾತು ಬಿಟ್ಟಳು. ಸುಟ್ಟವನ ಕೈಯಿಂದ ಶಾಲು ಹೊದಿಸಿಕೊಳ್ಳುವುದೇ? ಮಹೇಶ್ವರಿ ಬಿಡಿಸಿ ಹೇಳಲಿಲ್ಲ. ಏನು ಮಾಡುತ್ತೇನೆಂದು ಅವಳಿಗೇ ಪೂರ್ತಿ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಂಟಪ ತುಂಬಿತ್ತು. ವೇದಿಕೆಯ ಮೇಲೆ ಎದೆಯೆತ್ತರದ ಹಿತ್ತಾಳೆ ದೀಪ. ಅದರ ಎರಡೂ ಕಡೆ ಪುಟ್ಟ ಹುಡುಗಿಯರು ಗುಲಾಲಿನ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಹಾಡು ಶುರುವಾದೊಡನೆ ಎಲ್ಲರೂ ಒಟ್ಟಿಗೆ ಎರಚುವುದೆಂದು ಹೇಳಿಕೊಟ್ಟಿದ್ದರು. ಬಂದೋಬಸ್ತಿಗೆ ಬಂದಿದ್ದ ಗಾದಿಲಿಂಗ ಎದುರು ಸಾಲಿನ ಪಕ್ಕ ಕೈಕಟ್ಟಿ ನಿಂತಿದ್ದ. ರಂಗನಾಥ ದೀಪದ ಪಕ್ಕದಲ್ಲೇ, ಬಿಳಿ ಅಂಗಿ, ಹೆಗಲಿಗೆ ಜರಿ ಶಾಲು. ಹುಬ್ಬುಗಳು ದಟ್ಟವಾಗಿ ಬೆಳೆದಿದ್ದವು.

ಏಳೂ ಬತ್ತಿ ಹಚ್ಚಿ ಅವಳು ಮೈಕು ತೆಗೆದುಕೊಂಡಳು. ಮೊದಲು ಹುಡುಗಿಯರ ಕಡೆ ತಿರುಗಿ, "ಪಾಪಲಾರಾ, ತಟ್ಟೆಗಳನ್ನ ಕೆಳಗಿಡ್ರಿ. ಮೆಟ್ಟಿಲಿಳಿದು ನಿಮ್ಮ ಅಮ್ಮಂದಿರ ಹತ್ರ ಹೋಗ್ರಿ" ಎಂದಳು. ಅವರು ಗಲಿಬಿಲಿಗೊಂಡು ರಂಗನಾಥನ ಮುಖ ನೋಡಿದರು. ಅವಳು ಇನ್ನೊಮ್ಮೆ ಗದರಿದಾಗ ಇಳಿದುಹೋದರು. ಆಮೇಲೆ ತಲೆ, ಹೆಗಲ ಮೇಲೆ ಹೊದ್ದಿದ್ದ ಸೆರಗನ್ನು ಸರಿಸಿದಳು. ರವಿಕೆಗೆ ತೋಳೇ ಇರಲಿಲ್ಲ. ಕಿವಿಯ ಅಂಚು, ಕುತ್ತಿಗೆ, ಗಂಟುಗಂಟಾದ ಭುಜ, ಒಂದಕ್ಕೊಂದು ಅಂಟಿದ ಎರಡು ಬೆರಳು. ಎಲ್ಲರ ಫೋನುಗಳೂ ಮೇಲೆದ್ದವು.

"ಆ ಹಾಡಿನ ಕೊನಿಯಾಗಿನ ಗ್ರಾಫಿಕ್ಸ್ ಇದು" ಎಂದಳು. ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ರಂಗನಾಥ ಮೈಕಿಗೆ ಕೈಚಾಚಿದ. ಅಷ್ಟರಲ್ಲಿ ಅವಳು ಮೈಕನ್ನು ಎಡಗೈಗೆ ದಾಟಿಸಿ, ಬಗ್ಗಿ ಗುಲಾಲಿನ ತಟ್ಟೆಯೊಂದರಿಂದ ಬಲಗೈ ತುಂಬ ಒಂದು ಹಿಡಿ ತೆಗೆದು ದೀಪದ ಮೇಲಕ್ಕೆ ಚಾಚಿದಳು. ಬೆರಳು ಸಡಿಲಿಸಿದರೆ ಸಾಕು. ದೀಪದ ಆಚೆಗೆ ಅವನು, ಎರಡು ಮೊಳ ದೂರ. ಅವಳಿಗೆ ಒಂದು ಗಳಿಗೆ ಬೇರೇನೂ ಕಾಣಲಿಲ್ಲ. ಆ ಹುಬ್ಬು, ಆ ಕೆನ್ನೆ, ಆ ಬಿಳಿ ಅಂಗಿ. ಬಿಡು, ಬಿಡು ಎಂದು ಮೈಯೆಲ್ಲ ಕೂಗುತ್ತಿತ್ತು.

"ಬ್ಯಾಡಾ!" ರಂಗನಾಥ ಕಿರುಚಿದ. ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು ಹಿಂದಕ್ಕೆ ನೆಗೆದು ಕುರ್ಚಿ ತಾಗಿ ಬಿದ್ದ. "ಹತ್ತತೈತಿ! ಏಯ್, ಹತ್ತತೈತಿ ಅದು! ಯಾರಾರ ಹಿಡೀರ್ರೋ ಆಕಿನ್ನ!"

ಅವಳ ಕೈ ಅಲ್ಲೇ ನಿಂತಿತ್ತು. ಒಂದು ಕಣವೂ ಉದುರಿರಲಿಲ್ಲ.

"ಯಾಕ ಹೆದರ್ತೀರಿ ಸಾರ್?" ಮೈಕಿನಲ್ಲಿ ಅವಳ ದನಿ ಮಂಟಪದ ಹಿಂಬದಿಯ ಅಡಿಗೆಮನೆಯವರೆಗೂ ಕೇಳಿಸಿತು. "ತಿನ್ನೋ ಹಿಟ್ಟು ಅಂತ ಬರಸೀರಲ್ಲ? ಕೂಸುಗೋಳು ಬಾಯಾಗ ಹಾಕ್ಕೊಂಡ್ರೂ ಏನೂ ಆಗಲ್ಲ ಅಂದಿದ್ರಲ್ಲ? ಹತ್ತತೈತಿ ಅಂತ ನಿಮಗ ಯಾರು ಹೇಳಿದ್ರು? ನಂದವರಂದಾಗ ಸುಟ್ಟ ಹುಬ್ಬು ಹೇಳಿದ್ವೇನು?"

ಅವಳು ಹಿಡಿಯ ಪುಡಿಯನ್ನು ನಿಧಾನಕ್ಕೆ ಕೆಳಗಿದ್ದ ತಟ್ಟೆಗೆ ಸುರಿದು, ತಟ್ಟೆಯನ್ನು ದೀಪದಿಂದ ದೂರ ಒಯ್ದು ಗಾದಿಲಿಂಗನ ಕೈಗೆ ಕೊಟ್ಟಳು. "ಸಾಕ್ಷಿ ಅಂತ ಇಟ್ಟುಕೊಳ್ರಿ. ಮತ್ತ ಈಗ ಕೇಳಿದ್ದನ್ನ ಬರಕೊಳ್ರಿ. ಈ ಸಲ ನಮ್ಮವ್ವನ ಹೆಬ್ಬೆಟ್ಟು ಬ್ಯಾಡ, ನಾನ ಸಹಿ ಮಾಡ್ತೀನಿ."

ಆ ತುಣುಕು ಸಂಜೆಯೊಳಗೆ ಕರ್ನೂಲಿನಿಂದ ಬಳ್ಳಾರಿಯವರೆಗೆ ಹರಡಿತು. ಹಾಡಿಗಿಂತ ಹೆಚ್ಚು ಜನ ಅದನ್ನು ನೋಡಿದರು. ಕುರ್ಚಿ ತಾಗಿ ಬೀಳುವ ರಂಗನಾಥನನ್ನು ಹಿಂದೆ ಮುಂದೆ ಓಡಿಸಿ ಅದಕ್ಕೆ ತಮಟೆ ಬಡಿತ ಸೇರಿಸಿದವರೂ ಇದ್ದರು. ಮೂರನೆಯ ದಿನ ಸುಹಾಸಿನಿ ತಾನಾಗಿಯೇ ಸ್ಟೇಷನ್ನಿಗೆ ಹೋಗಿ ನಂದವರಂನ ಕಥೆ ಹೇಳಿದಳು. ಆ ಮದುವೆ ಜೋಡಿಯನ್ನೂ ಕರೆಸಿದರು. ಗೊತ್ತಿದ್ದೂ ಜನರ ಜೀವಕ್ಕೆ ಅಪಾಯ ತಂದದ್ದಕ್ಕೆ, ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಕೇಸು ಮತ್ತೆ ತೆರೆಯಿತು. ಮದುವೆಮನೆಯವರು ಒಬ್ಬೊಬ್ಬರಾಗಿ ಬೇರೆ ಫೋಟೋದವರನ್ನು ಹುಡುಕಿಕೊಂಡರು. ರಂಗನಾಥ ಹಾಡನ್ನು ಚಾನೆಲ್ಲಿನಿಂದ ತೆಗೆದ. ಸ್ಟುಡಿಯೋಗೆ ಬೀಗ ಬಿತ್ತು.

ರಾಜಿಗೆ ಅವನು ತನ್ನ ತಾಯಿ ಬಸವಕ್ಕನನ್ನು ಕರೆದುಕೊಂಡು ಬಂದ. ಮುದುಕಿ ಪಂಪಮ್ಮನ ಕೈ ಹಿಡಿದು, "ಒಬ್ಬನ ಮಗ ತಂಗಿ, ಜೈಲಿಗೆ ಹಾಕಿಸಬ್ಯಾಡ್ರಿ" ಎಂದಳು. ಪಂಪಮ್ಮನ ಕಣ್ಣುಗಳು ತೇವವಾದವು. ಅವಳು ಮಗಳನ್ನು ನೋಡಿದಳು.

ಮಹೇಶ್ವರಿ ಮುದುಕಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು. "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಅಜ್ಜಿ" ಎಂದಳು. ಆಮೇಲೆ ಹೊಸ್ತಿಲಾಚೆ ನಿಂತವನ ಕಡೆ ತಿರುಗಿದಳು. "ನೀವು ಒಳಗ ಬರಬ್ಯಾಡ್ರಿ ಸಾರ್. ಬಾಗಿಲ ಹೊರಗ ನಿಂತು ರೂಢಿ ಐತಿ ನಿಮಗ."

"ತಪ್ಪಾತವ್ವ" ಎಂದ ಅವನು. "ಇಷ್ಟು ದೊಡ್ಡದಾಗತೈತಿ ಅಂತ ಅನಕೊಂಡಿರ್ಲಿಲ್ಲ. ಖರೇನ ಹೇಳ್ತೀನಿ. ಭಗ್ ಅಂದು ಆರಿಹೋಗತೈತಿ, ಶಾಟ್ ಚೆಂದ ಬರತೈತಿ ಅಂತ..."

"ಇದನ್ನ ಜಡ್ಜಮ್ಮನ ಮುಂದ ಹೇಳ್ರಿ" ಎಂದು ಅವಳು ಬಾಗಿಲು ಹಾಕಿದಳು.

ಆವತ್ತು ಪಂಪಮ್ಮ, "ಆತ ಅಳಾಕತ್ತಿದ್ದ ಮಗಳ. ಕ್ಷಮಿಸಿದ್ರ ನಿನಗೂ ಮನಸು ಹಗುರಾಗತೈತಿ ಅಂತಾರ" ಎಂದಾಗ ಮಹೇಶ್ವರಿ ಎಡಗೈಗೆ ಎಣ್ಣೆ ತೀಡಿಕೊಳ್ಳುತ್ತಿದ್ದಳು. ಆ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಕುಣಿತವೆಂಬುದು ಮುಗಿಯಿತು. "ನನ್ನ ಮನಸು ಹಗುರ ಐತವ್ವ" ಎಂದಳು. ಅದು ಸುಳ್ಳಾಗಿರಲಿಲ್ಲ.

ಈಗ ಕೋರ್ಟಿನಲ್ಲಿ ವಿಚಾರಣೆ ನಡೆದಿದೆ. ವಾಯಿದೆಯ ಮೇಲೆ ವಾಯಿದೆ. ಪ್ರತಿ ಸಲವೂ ಮಹೇಶ್ವರಿ ಮಿಲ್ಲಿಗೆ ರಜೆ ಹಾಕಿ, ಇದ್ದುದರಲ್ಲಿ ಕಣ್ಣಿಗೆ ಹೊಡೆಯುವ ಸೀರೆ ಉಟ್ಟು ಬರುತ್ತಾಳೆ. ರಂಗನಾಥ ಕೂತ ಬೆಂಚಿನ ಬಲಕ್ಕೆ, ಅವನಿಗೆ ಅವಳ ಎಡಗಡೆಯೇ ಕಾಣುವಂತೆ ಕೂರುತ್ತಾಳೆ. ಅವನು ಎದ್ದು ಕಿಟಕಿಯ ಕಡೆ ಹೋದರೆ ಅವಳೂ ಎದ್ದು ಜಾಗ ಬದಲಿಸುತ್ತಾಳೆ. ಕಳೆದ ವಾಯಿದೆಯ ದಿನ ಅವನು ಸಾಕಾಗಿ, ಕೈಮುಗಿದು, "ಇನ್ನೆಷ್ಟು ದಿನ ಹಿಂಗ ಕಣ್ಣಮುಂದ ಕುಂದ್ರತೀಯವ್ವ?" ಎಂದು ಕೇಳಿದ.

"ನೀವು ನೋಡೋತನಕ" ಎಂದಳು ಮಹೇಶ್ವರಿ.

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಕೇಸಿನ ನಂಬರು ಕೂಗಿದರು. ಅವಳು ಸೆರಗು ಕೊಡವಿ ಎದ್ದು, ಅವನಿಗಿಂತ ಮುಂದಾಗಿ ಒಳಗೆ ನಡೆದಳು.